ಬ್ಯಾಗಲ್ಲಿ ಕೊಬ್ಬರಿ ಬೇಡ, ಪಾಲಿಸಿಯಲ್ಲಿ ಬಿಪಿ ಮುಚ್ಚಿಡಬೇಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಫಾರಿನ್‌ಗೆ ಹೊರಟವರು ಅಲ್ಲಿರೋ ಮಕ್ಕಳಿಗೆ ಕೊಬ್ಬರಿ ಒಯ್ಯಬೇಕು ಅಂತ ಆಸೆಪಡೋದು ಸಹಜ. ಆದರೆ ವಿಮಾನಯಾನದ ಲೆಕ್ಕದಲ್ಲಿ ಕೊಬ್ಬರಿ ಅಪಾಯಕಾರಿ ಸರಕು, ಯುಎನ್ ಸಂಖ್ಯೆ 1363. ಎಣ್ಣೆಯಂಶ ಹೆಚ್ಚಿರೋದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಚೆಕ್-ಇನ್ ಬ್ಯಾಗಿನಲ್ಲಿ ಸಿಕ್ಕರೆ ತೆಗೆದಿಡ್ತಾರೆ. ಅಧಿಕಾರಿಗಳು ವಶಪಡಿಸಿಕೊಂಡ ವಸ್ತುವಿಗೆ ಪ್ರವಾಸ ವಿಮೆ ಸಾಮಾನ್ಯವಾಗಿ ಹಣ ಕೊಡಲ್ಲ.

ಆ ನಷ್ಟ ಸಣ್ಣದು. ನಿಜವಾದ ಹೊಡೆತ ಆಸ್ಪತ್ರೆ ಬಿಲ್ಲಿನದು. ಪ್ಯಾರಿಸ್, ರೋಮ್‌ನಂಥ ಊರುಗಳಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಸಿಕ್ಕರೆ ಸಾಕು ಅಂತ ಅಗ್ಗದ್ದೊಂದು ಕೊಂಡು, ಪ್ರೀಮಿಯಂ ಏರುತ್ತೆಂದು ಬಿಪಿ, ಶುಗರ್ ಮುಚ್ಚಿಡೋರೂ ಇದ್ದಾರೆ. ಅಲ್ಲಿ ಎದೆನೋವು ಬಂದಾಗ ಕಂಪನಿ ಹಳೆಯ ವೈದ್ಯಕೀಯ ದಾಖಲೆ ಕೇಳುತ್ತೆ. ಮುಚ್ಚಿಟ್ಟಿದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಬಹುದು. ಆಗ ಬಿಲ್ ಕಟ್ಟೋದು ತೋಟದ ದುಡ್ಡಿನಿಂದಲೇ.

ಇಂಜಿನಿಯರಿಂಗ್ ಓದಿದ ಅಭ್ಯಾಸಬಲ, ನಾನು ಯಾವುದೇ ಯಂತ್ರದಲ್ಲಿ ಮೊದಲು ನೋಡೋದು ಅದು ಎಲ್ಲಿ ಕೈಕೊಡುತ್ತೆ ಅನ್ನೋದನ್ನ. ಪಾಲಿಸಿಯಲ್ಲೂ ಅಷ್ಟೇ, 'ಯಾವುದಕ್ಕೆ ಹಣ ಕೊಡಲ್ಲ' ಅನ್ನೋ ಪುಟ ಮೊದಲು ಓದಿ. ಹಳೆಯ ಕಾಯಿಲೆಗೆ ಪೂರ್ತಿ ರಕ್ಷಣೆಯೋ, ಪ್ರಾಣಾಪಾಯ ಬಂದಾಗ ಮಾತ್ರವೋ ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹೊರಡೋ ಮುಂಚೆ ಮೂರು ಕೆಲಸ: ವಿಮೆಯ ಸಹಾಯವಾಣಿ ಸಂಖ್ಯೆ ಪಾಸ್‌ಪೋರ್ಟ್ ಜೊತೆ ಚೀಟಿಯಲ್ಲೂ ಇರಲಿ, ಆಸ್ಪತ್ರೆ ಸೇರಿದ ಕೂಡಲೇ ಕರೆ ಮಾಡಬೇಕು. ಮಾತ್ರೆಗಳು ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿರಲಿ. ಪಾಲಿಸಿಯ ಒಂದು ಪ್ರತಿ ಮನೆಯಲ್ಲಿ ಉಳಿಯೋರ ಕೈಗೆ ಕೊಡಿ.