ವಿದ್ಯುತ್ ಕೈಯಂತ್ರಗಳೂ ಸುರಕ್ಷತೆಯ ಮುದ್ರೆಯೂ

2023ರ ಡಿಸೆಂಬರ್ ತಿಂಗಳಲ್ಲಿ, ನಮ್ಮ ಶಾಲೆಯ ವಾರ್ಷಿಕೋತ್ಸವದ ಹಿಂದಿನ ದಿನ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ. ರಂಗಮಂಟಪದ ಹಿಂದಣ ಪರದೆಗೆ ಮರದ ಚೌಕಟ್ಟನ್ನು ನಿಲ್ಲಿಸಬೇಕಾಗಿತ್ತು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆ, ವಿಜಯಪುರ ಜಿಲ್ಲೆಯಿಂದ ಮುಂಬಯಿಗೆ ಬಂದು ಬಡಗಿ ಕೆಲಸದಿಂದ ಸಂಸಾರ ಸಾಗಿಸುತ್ತಿರುವವರು, ಕೂಲಿಯ ಮಾತನ್ನೇ ಎತ್ತದೆ ತಮ್ಮ ಡ್ರಿಲ್ ಯಂತ್ರವನ್ನು ಹಿಡಿದುಕೊಂಡು ಬಂದರು. ಅದು ಲೋಹದ ಒಡಲಿನ ಹಳೆಯ ಯಂತ್ರ. ಪ್ಲಗ್ಗು ಎಂದೋ ಒಡೆದುಹೋಗಿ ವೈರಿನ ಎರಡು ತುದಿಗಳು ಮಾತ್ರ ಉಳಿದಿದ್ದವು. ಮೂರನೆಯ ಎಳೆಯನ್ನು ಹಿಂದಕ್ಕೆ ಮಡಿಸಿ ಟೇಪು ಸುತ್ತಲಾಗಿತ್ತು. “ಹೊಸಾ ಪ್ಲಗ್ಗು ತರ್ಲೇನ್ರೀ ಸರ?” ಎಂದು ಅವರು ಕೇಳಿದರು. ಸಂಜೆಯಾಗುತ್ತಿತ್ತು, ನನಗೆ ಅವಸರ. “ಈಗ ಬೇಡ, ಹೇಗಾದರೂ ಕೆಲಸ ಮುಗಿಸಿಬಿಡಿ” ಎಂದೆ. ಅವರು ಆ ಎರಡು ತುದಿಗಳನ್ನು ಸಾಕೆಟ್ಟಿನೊಳಗಿಟ್ಟು ಬೆಂಕಿಕಡ್ಡಿಗಳಿಂದ ಬಿಗಿಮಾಡಿದರು. ಆಗತಾನೆ ತೊಳೆದ ನೆಲ, ಬರಿಗಾಲು. ಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಅವರ ಮೈ ಸೆಟೆದು ನಿಂತಿತು. ಯಂತ್ರ ಮಾತ್ರ ಕೈಯಿಂದ ಬೀಳಲಿಲ್ಲ. ನಮ್ಮ ಜವಾನರು ಓಡಿಹೋಗಿ ಗೋಡೆಯ ಸ್ವಿಚ್ಚನ್ನು ಆರಿಸಿದುದರಿಂದ ಪ್ರಾಣ ಉಳಿಯಿತು.

ವೈದ್ಯರಲ್ಲಿಗೆ ಹೋಗಿಬಂದ ಮೇಲೆ ನಾನು ಕ್ಷಮೆ ಕೇಳಿದೆ. ಅವರು ನಕ್ಕು, “ಇದೇನ್ ಹೊಸಾದಲ್ರೀ ಸರ. ಆಗಾಗ ಹಿಡೀತೈತಿ, ಕೈ ಝಾಡಿಸಿ ಮತ್ತ ಕೆಲಸಾ ಮಾಡ್ತೀವಿ” ಎಂದರು. ಆ ನಗೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಭೂಸಂಪರ್ಕದ ಪಾಠವನ್ನು ಕನ್ನಡದಲ್ಲಿಯೇ ಓದಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಗಳಿಸಿದವನು ನಾನು. ಆ ಪಾಠವು ಕಣ್ಣೆದುರಿಗೆ ಬಂದು ನಿಂತಾಗ ಅದನ್ನು ಗುರುತಿಸಲಿಲ್ಲ. ತರುವಾಯ ತಿಳಿದುಕೊಂಡ ವಿಷಯಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆದಿದ್ದೇನೆ.

ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಯಂತ್ರಗಳಿಗೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಆರ್ನಟ್ ಮತ್ತು ಬ್ರೈನ್ ಎಂಬಿಬ್ಬರು ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದರು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆಯು ಕೈಯಲ್ಲಿ ಹಿಡಿಯಬಹುದಾದ ಡ್ರಿಲ್ಲನ್ನು ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ ಎಂಬುವರಿಗೆ ಪಿಸ್ತೂಲಿನ ಆಕಾರದ ಹಿಡಿಕೆಯೂ ಬೆರಳಿನಿಂದ ಒತ್ತುವ ಸ್ವಿಚ್ಚೂ ಉಳ್ಳ ಡ್ರಿಲ್ಲಿಗೆ ಪೇಟೆಂಟ್ ದೊರೆಯಿತು. ಇಂದು ನಮ್ಮ ಬಡಗಿಗಳ ಕೈಯಲ್ಲಿರುವುದು ಆ ಆಕಾರದ ಯಂತ್ರವೇ.

ಮನೆಯ ಫ್ಯಾನಿಗೂ ಈ ಯಂತ್ರಕ್ಕೂ ಇರುವ ವ್ಯತ್ಯಾಸವೇನು? ಫ್ಯಾನು ನಮ್ಮಿಂದ ದೂರದಲ್ಲಿ ತೂಗುತ್ತದೆ. ಕೈಯಂತ್ರವಾದರೋ ನಮ್ಮ ಮುಷ್ಟಿಯೊಳಗೇ ಇರುತ್ತದೆ. ಒಂದು ಮಿಲಿ ಆಂಪಿಯರಿನಷ್ಟು ಪ್ರವಾಹ ದೇಹದಲ್ಲಿ ಹರಿದರೆ ಜುಮ್ಮೆನ್ನುತ್ತದೆ. ಅದು ಹತ್ತು ಮಿಲಿ ಆಂಪಿಯರಿನ ಆಸುಪಾಸಿಗೆ ಏರಿದರೆ ಕೈಯ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಇನ್ನೂ ಕೆಲವು ಹತ್ತುಗಳಷ್ಟು ಏರಿ ತುಸು ಹೊತ್ತು ಹರಿದರೆ ಹೃದಯದ ಬಡಿತವೇ ಗತಿ ತಪ್ಪುತ್ತದೆ. ಇದು ಎಷ್ಟು ಅಲ್ಪ ಪ್ರಮಾಣವೆಂಬುದನ್ನು ನೋಡಿ: ಹತ್ತು ವ್ಯಾಟಿನ ಸಣ್ಣ ಬಲ್ಬೊಂದು 230 ವೋಲ್ಟಿನಲ್ಲಿ ಉರಿಯುವಾಗ ಎಳೆದುಕೊಳ್ಳುವ ಪ್ರವಾಹವೇ ಸುಮಾರು 43 ಮಿಲಿ ಆಂಪಿಯರ್. ಮಲಗುವ ಕೋಣೆಯ ಮಂದ ದೀಪಕ್ಕೆ ಸಾಕಾಗುವಷ್ಟು ವಿದ್ಯುತ್ತು ಮನುಷ್ಯನನ್ನು ಕೊಲ್ಲುವುದಕ್ಕೂ ಸಾಕು.

ಆದುದರಿಂದ ಯಂತ್ರದೊಳಗಿನ ವಿದ್ಯುತ್ತು ಕೈಗೆ ತಲಪದಂತೆ ಮಾಡುವುದಕ್ಕೆ ಮೂರು ಮಾರ್ಗಗಳನ್ನು ಕಂಡುಕೊಂಡಿದ್ದಾರೆ. ಈ ಮಾರ್ಗಗಳಿಗೆ ಅನುಸಾರವಾಗಿ ಯಂತ್ರಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಒಂದನೆಯ ವರ್ಗದ ಯಂತ್ರಕ್ಕೆ ಲೋಹದ ಒಡಲಿರುತ್ತದೆ. ಆ ಒಡಲನ್ನು ಮೂರನೆಯ ವೈರಿನ ಮೂಲಕ ಭೂಮಿಗೆ ಜೋಡಿಸಿರುತ್ತಾರೆ. ಒಳಗಿನ ಹೊದಿಕೆ ಹರಿದು ವಿದ್ಯುತ್ತು ಒಡಲಿಗೆ ಸೋರಿದರೂ ಅದು ಮನುಷ್ಯನನ್ನು ಬಿಟ್ಟು ಆ ಸುಲಭ ಮಾರ್ಗದಿಂದ ಭೂಮಿಗೆ ಇಳಿಯುತ್ತದೆ, ಫ್ಯೂಸು ಹಾರಿಹೋಗುತ್ತದೆ. ಎರಡನೆಯ ವರ್ಗದಲ್ಲಿ ಭೂಸಂಪರ್ಕವೇ ಇಲ್ಲ. ಅದರ ಬದಲಾಗಿ ಒಂದರ ಮೇಲೊಂದರಂತೆ ಎರಡು ಅವಾಹಕ ಹೊದಿಕೆಗಳು, ಅಥವಾ ಅಷ್ಟೇ ಬಲವುಳ್ಳ ಒಂದು ಹೊದಿಕೆ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಅಂಥ ಯಂತ್ರದ ಫಲಕದ ಮೇಲೆ ದೊಡ್ಡ ಚೌಕದೊಳಗೆ ಚಿಕ್ಕ ಚೌಕವನ್ನು ಅಚ್ಚೊತ್ತಿರುತ್ತಾರೆ. ಅದಕ್ಕೆ ಎರಡು ಪಿನ್ನಿನ ಪ್ಲಗ್ಗು ಇದ್ದರೆ ದೋಷವಲ್ಲ. ಮೂರನೆಯ ವರ್ಗದ ಯಂತ್ರಗಳು ಬ್ಯಾಟರಿಯಂತಹ ಅತಿ ಕಡಿಮೆ ವೋಲ್ಟೇಜಿನಲ್ಲಿ ನಡೆಯತಕ್ಕವು. ಬ್ರಿಟನ್ನಿನ ಕಟ್ಟಡ ಕೆಲಸಗಳಲ್ಲಿ ಇದೇ ತತ್ತ್ವದ ಇನ್ನೊಂದು ರೂಪವುಂಟು: ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ತನ್ನು 110 ವೋಲ್ಟಿಗೆ ಇಳಿಸಿ, ಅದರ ನಡುಬಿಂದುವನ್ನು ಭೂಮಿಗೆ ಜೋಡಿಸುವುದರಿಂದ ಭೂಮಿಯ ಮೇಲೆ ನಿಂತವನಿಗೆ ತಗಲಬಹುದಾದ ವೋಲ್ಟೇಜು 55 ಮಾತ್ರ.

ನಮ್ಮ ಡ್ರಿಲ್ಲು ಒಂದನೆಯ ವರ್ಗದ್ದು. ಮಡಿಸಿಟ್ಟಿದ್ದ ಆ ಮೂರನೆಯ ಎಳೆಯೇ ಅದರ ಕಾವಲುಗಾರ. ಅದಿಲ್ಲದಿದ್ದರೂ ಡ್ರಿಲ್ಲು ಎಂದಿನಂತೆಯೇ ತಿರುಗುತ್ತದೆ. ಎಂದಿನಂತೆಯೇ ರಂಧ್ರ ಕೊರೆಯುತ್ತದೆ. ಇಲ್ಲಿಯೇ ಮೋಸವಿರುವುದು. ಕಾವಲುಗಾರನಿಲ್ಲವೆಂಬುದು ಕಳ್ಳ ಬಂದ ದಿನ ಮಾತ್ರ ತಿಳಿಯುತ್ತದೆ.

ಇಂತಹ ನಿಯಮಗಳು ಒಂದೇ ದಿನದಲ್ಲಿ ಹುಟ್ಟಿದವಲ್ಲ. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಮಹಾ ಪ್ರದರ್ಶನವೊಂದು ನಡೆಯಿತು. ಅಲ್ಲಿನ ವಿದ್ಯುದ್ದೀಪಗಳ ವೈಭವದೊಡನೆ ಬೆಂಕಿಯ ಭಯವೂ ಬಂದಿತು. ಅಲ್ಲಿಯ ವಿದ್ಯುತ್ ಜೋಡಣೆಗಳನ್ನು ಪರೀಕ್ಷಿಸಲು ಹೋದ ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ ಇಂಜಿನಿಯರನು 1894ರಲ್ಲಿ ಒಂದು ಪರೀಕ್ಷಾಶಾಲೆಯನ್ನು ಆರಂಭಿಸಿದನು, ಯು.ಎಲ್. ಎಂಬ ಹೆಸರಿನಿಂದ ಅದು ಈಗ ಪ್ರಸಿದ್ಧವಾಗಿದೆ. 1906ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ, ಅಂದರೆ ಐ.ಇ.ಸಿ., ಸ್ಥಾಪನೆಯಾಯಿತು. ವಿಜ್ಞಾನಿ ಲಾರ್ಡ್ ಕೆಲ್ವಿನ್ ಅದರ ಮೊದಲ ಅಧ್ಯಕ್ಷರು. ಕೈಯಂತ್ರಗಳ ಬಗೆಗೆ ಈ ಆಯೋಗವು ಮೊದಲು 60745 ಎಂಬ ಸಂಖ್ಯೆಯ ಮಾನಕಗಳನ್ನು ಪ್ರಕಟಿಸಿತ್ತು; ಅವುಗಳ ಸ್ಥಾನವನ್ನು ತುಂಬಲು ಬಂದ 62841 ಎಂಬ ಮಾಲೆಯ ಮೊದಲನೆಯ ಭಾಗವು 2014ರಲ್ಲಿ ಹೊರಬಂದಿತು. ಮೊದಲ ಭಾಗದಲ್ಲಿ ಎಲ್ಲ ಯಂತ್ರಗಳಿಗೂ ಸಮಾನವಾದ ನಿಯಮಗಳು. ಮುಂದಿನ ಭಾಗಗಳಲ್ಲಿ ಡ್ರಿಲ್ಲು, ಗ್ರೈಂಡರು, ಗರಗಸ ಮೊದಲಾದವುಗಳಿಗೆ ಬೇರೆ ಬೇರೆ ನಿಯಮಗಳು.

ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯು 1947ರಲ್ಲಿ ಜನ್ಮ ತಾಳಿತು. ಸರಕುಗಳ ಮೇಲೆ ಪ್ರಮಾಣ ಮುದ್ರೆಯನ್ನು ಹಾಕಲು ಅವಕಾಶ ನೀಡುವ ಕಾನೂನು 1952ರಲ್ಲಿ ಬಂದಿತು. 1986ರ ಅಧಿನಿಯಮದ ಮೇರೆಗೆ 1987ರ ಏಪ್ರಿಲ್ 1ರಿಂದ ಅದರ ಕಾರ್ಯವನ್ನು ಭಾರತೀಯ ಮಾನಕ ಬ್ಯೂರೋ ವಹಿಸಿಕೊಂಡಿತು. ಈಗ ಈ ಬ್ಯೂರೋ 2016ರ ಅಧಿನಿಯಮದ ಅನುಸಾರ ನಡೆಯುತ್ತಿದೆ. ಸಂಸ್ಥೆಯ ಹೆಸರು ಬದಲಾದರೂ ಮುದ್ರೆಯಲ್ಲಿ ಐ.ಎಸ್.ಐ. ಎಂಬ ಮೂರು ಅಕ್ಷರಗಳು ಹಾಗೆಯೇ ಉಳಿದಿವೆ.

ಪರೀಕ್ಷಾಶಾಲೆಯಲ್ಲಿ ಯಂತ್ರವನ್ನು ಏನು ಮಾಡುತ್ತಾರೆ? ಒಂದು ಮಾತಿನಲ್ಲಿ ಹೇಳುವುದಾದರೆ, ಕೆಲಸದ ಜಾಗದಲ್ಲಿ ಅದಕ್ಕೆ ಬರಬಹುದಾದ ಕಷ್ಟಗಳನ್ನೆಲ್ಲ ಮೊದಲೇ ಕೊಟ್ಟು ನೋಡುತ್ತಾರೆ. ಮನುಷ್ಯನ ಬೆರಳಿನಂತೆ ಗೆಣ್ಣುಗಳುಳ್ಳ ಲೋಹದ ಕೃತಕ ಬೆರಳೊಂದನ್ನು ಸಂದುಗಳಲ್ಲೆಲ್ಲ ತೂರಿಸಿ, ಅದು ವಿದ್ಯುತ್ ಭಾಗವನ್ನು ಮುಟ್ಟುವುದೇ ಎಂದು ಪರೀಕ್ಷಿಸುತ್ತಾರೆ. ತೇವ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟು ತೆಗೆದು, ಹೊದಿಕೆಯ ಮೇಲೆ ಸಾವಿರಾರು ವೋಲ್ಟುಗಳ ಒತ್ತಡ ಹಾಕುತ್ತಾರೆ. ಒಡಲಿನಿಂದ ಎಷ್ಟು ವಿದ್ಯುತ್ತು ಸೋರುವುದೆಂದು ಅಳೆಯುತ್ತಾರೆ. ಒಂದು ಮಿಲಿ ಆಂಪಿಯರಿಗಿಂತಲೂ ಕಡಿಮೆ ಮಟ್ಟಕ್ಕೇ ಮಿತಿ. ಭಾರ ಹೊರಿಸಿ ನಡೆಸಿ ಎಷ್ಟು ಕಾಯುವುದೆಂದು ನೋಡುತ್ತಾರೆ. ವೈರನ್ನು ಎಳೆದು ಬಾಗಿಸುತ್ತಾರೆ. ಒಂದು ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸುತ್ತಾರೆ.

ಅಪಾಯವು ವಿದ್ಯುತ್ತಿನಿಂದ ಮಾತ್ರ ಬರುವುದೆಂದು ತಿಳಿಯಬಾರದು. ಗ್ರೈಂಡರಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ನೂರು ಮಿಲಿಮೀಟರ್ ವ್ಯಾಸದ ಚಕ್ರದ ಪರಿಧಿ ಸುಮಾರು 0.314 ಮೀಟರ್. ನಿಮಿಷಕ್ಕೆ 11,000 ಸಲ ಅದು ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 57 ಮೀಟರ್, ಎಂದರೆ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತದೆ. ಚಕ್ರವೇನಾದರೂ ಒಡೆದರೆ ಚೂರುಗಳು ಅದೇ ವೇಗದಲ್ಲಿ ಹಾರುತ್ತವೆ. ಅದಕ್ಕಾಗಿಯೇ ಚಕ್ರದ ಮೇಲೆ ಅದು ತಡೆದುಕೊಳ್ಳಬಲ್ಲ ಗರಿಷ್ಠ ಸುತ್ತುಗಳ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಅದು ಯಂತ್ರದ ವೇಗಕ್ಕಿಂತ ಕಡಿಮೆಯಾಗಿರಕೂಡದು. ಯಂತ್ರದ ರಕ್ಷಾಕವಚವೂ ಇದಕ್ಕಾಗಿಯೇ. ಕೆಲಸಕ್ಕೆ ಅಡ್ಡ ಬರುತ್ತದೆಂದು ಕವಚವನ್ನು ಕಳಚಿ, ದೊಡ್ಡ ಚಕ್ರವನ್ನು ಕೂರಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ.

ಇನ್ನು ಮುದ್ರೆಗಳ ವಿಚಾರ. ಎಲ್ಲ ಮುದ್ರೆಗಳ ಬೆಲೆಯೂ ಒಂದೇ ಅಲ್ಲ. ಐ.ಎಸ್.ಐ. ಮುದ್ರೆಯನ್ನು ಕೊಡುವ ಮುನ್ನ ಬ್ಯೂರೋ ಕಾರ್ಖಾನೆಯನ್ನು ನೋಡಿ, ಮಾದರಿಗಳನ್ನು ಪರೀಕ್ಷಿಸಿ, ಲೈಸೆನ್ಸ್ ನೀಡುತ್ತದೆ. ಮುದ್ರೆಯ ಮೇಲ್ಗಡೆ ಮಾನಕದ ಸಂಖ್ಯೆಯೂ ಕೆಳಗಡೆ ಸಿ.ಎಂ./ಎಲ್. ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆಯೂ ಇರಬೇಕು. ಈ ಸಂಖ್ಯೆಯನ್ನು ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಇನ್ನೂ ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಂಖ್ಯೆಯಿಲ್ಲದ ಬರಿಯ ಮುದ್ರೆಯನ್ನು ನಂಬಲಾಗದು. ಯೂರೋಪಿನ ಸಿ.ಇ. ಗುರುತಾದರೋ ಇಂಥ ಯಂತ್ರಗಳ ವಿಷಯದಲ್ಲಿ ಸಾಮಾನ್ಯವಾಗಿ ತಯಾರಕನು ತಾನೇ ಮಾಡಿದ ಘೋಷಣೆ. ಹೊರಗಿನವರು ಪರೀಕ್ಷಿಸಿದರೆಂಬುದಕ್ಕೆ ಅದು ಸಾಕ್ಷಿಯಲ್ಲ.

ಆದರೆ ಅತ್ಯುತ್ತಮ ಮುದ್ರೆಗೂ ಒಂದು ಎಲ್ಲೆಯುಂಟು. ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿ ಯಂತ್ರ ಹೇಗಿತ್ತೆಂಬುದಕ್ಕೆ ಮಾತ್ರ ಅದು ಸಾಕ್ಷಿ. ನಾವು ಪಿನ್ನನ್ನು ಮುರಿದ ದಿನ, ಕವಚವನ್ನು ಕಳಚಿದ ದಿನ, ಹರಿದ ವೈರಿಗೆ ಟೇಪು ಸುತ್ತಿದ ದಿನ ಆ ಸಾಕ್ಷಿ ಮುಗಿಯಿತು. ಮುದ್ರೆ ಅಲ್ಲಿಯೇ ಇರುತ್ತದೆ. ಅದು ಕೊಟ್ಟ ಭರವಸೆ ಇರುವುದಿಲ್ಲ. ಆ ದಿನ ಶಾಲೆಯಲ್ಲಿ ಒಳ್ಳೆಯ ಯಂತ್ರವನ್ನು ಕೆಟ್ಟದ್ದಾಗಿ ಮಾಡಿದ್ದು ನನ್ನ “ಹೇಗಾದರೂ” ಎಂಬ ಒಂದು ಮಾತು. ಫ್ಯೂಸನ್ನು ನಂಬಿ ಕೂಡುವುದೂ ಸಲ್ಲದು. ಆರು ಆಂಪಿಯರಿನ ಫ್ಯೂಸಿಗೆ, ಮನುಷ್ಯನನ್ನು ಕೊಲ್ಲುವ ಐವತ್ತು ಮಿಲಿ ಆಂಪಿಯರ್ ಗಮನಕ್ಕೇ ಬಾರದು. ಸೋರಿಕೆ 30 ಮಿಲಿ ಆಂಪಿಯರ್ ಆಗುವಷ್ಟರಲ್ಲಿ ಕ್ಷಣಮಾತ್ರದಲ್ಲಿ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವುಂಟು. ಕೆಲಸದ ಜಾಗದಲ್ಲಿ ಅದು ಇರಲೇಬೇಕು. ನಮ್ಮ ಶಾಲೆಯ ಸಭಾಂಗಣದಲ್ಲಿ ಈಗ ಅದನ್ನು ಹಾಕಿಸಿದ್ದೇವೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರ ತಂದೆಯರೂ ಅಣ್ಣಂದಿರೂ ಈ ಯಂತ್ರಗಳನ್ನು ಹಿಡಿದೇ ನಿಮ್ಮ ಪುಸ್ತಕಗಳಿಗೆ ಹಣ ಒದಗಿಸುತ್ತಿದ್ದಾರೆ. ಯಂತ್ರದ ಫಲಕದ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿರುತ್ತವೆ. ಅವರಲ್ಲಿ ಹಲವರಿಗೆ ಅವನ್ನು ಓದಲು ಬಾರದು. ನಿಮಗೆ ಬರುತ್ತದೆ. ಒಂದು ಭಾನುವಾರ ಅವರ ಚೀಲವನ್ನು ಬಿಚ್ಚಿಸಿ ನೋಡಿ. ಪ್ಲಗ್ಗನ್ನು ಹೊರಗೆ ತೆಗೆದಿರುವುದನ್ನು ಖಚಿತಪಡಿಸಿಕೊಂಡು, ಚೌಕದೊಳಗೆ ಚೌಕವಿದೆಯೇ, ಇಲ್ಲವಾದರೆ ಪ್ಲಗ್ಗಿಗೆ ಮೂರು ಪಿನ್ನುಗಳಿವೆಯೇ, ವೈರು ಎಲ್ಲಿಯಾದರೂ ಸೀಳಿದೆಯೇ, ಚಕ್ರದ ಸಂಖ್ಯೆಗೂ ಯಂತ್ರದ ಸಂಖ್ಯೆಗೂ ಹೊಂದಿಕೆಯಿದೆಯೇ ಎಂಬುದನ್ನು ಗಟ್ಟಿಯಾಗಿ ಓದಿ ಹೇಳಿ. ಕೆಟ್ಟುದನ್ನು ನೀವು ಬಿಚ್ಚಿ ರಿಪೇರಿ ಮಾಡತಕ್ಕದ್ದಲ್ಲ. ಬಲ್ಲವರಿಂದ ಮಾಡಿಸುವಂತೆ ಹಟ ಹಿಡಿಯಿರಿ.

ಆ ಬಡಗಿಯವರ ಮಗನು ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಡ್ರಿಲ್ಲಿಗೆ ಹೊಸ ವೈರನ್ನೂ ಮೂರು ಪಿನ್ನಿನ ಪ್ಲಗ್ಗನ್ನೂ ಹಾಕಿಸುವವರೆಗೆ ತಂದೆಯನ್ನು ಅವನು ಬಿಡಲಿಲ್ಲವಂತೆ. ಪಾಠವನ್ನು ಅವನು ನನಗಿಂತ ಚೆನ್ನಾಗಿ ಕಲಿತಿದ್ದಾನೆ.