ಐದು ಹರದಾರಿಯೊಳಗಿನ ಯಾತ್ರೆ

ಯುಗಾದಿಯ ಬೇವು-ಬೆಲ್ಲದ ರುಚಿ ನಾಲಗೆಯ ಮೇಲಿರುವಾಗಲೇ ಪರೀಕ್ಷೆಗಳು ಮುಗಿದು ಶಾಲೆಗಳಿಗೆ ರಜೆ ಬರುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಮಕ್ಕಳು ಮನೆಯಲ್ಲಿಯೇ ಇರುತ್ತಾರೆ. ಮೊದಲ ನಾಲ್ಕು ದಿನ ಮನೆ ತುಂಬಿದಂತೆ ತೋರುತ್ತದೆ. ಐದನೆಯ ದಿನದಿಂದ ಇವರನ್ನು ಹೇಗೆ ಸುಧಾರಿಸುವುದೆಂಬ ಚಿಂತೆ ತಾಯಂದಿರನ್ನು ಕಾಡತೊಡಗುತ್ತದೆ. ಅನುಕೂಲವುಳ್ಳವರು ಊಟಿ, ಕಾಶ್ಮೀರಗಳಿಗೆ ಮುಂಗಡ ಟಿಕೆಟು ತೆಗೆಸುತ್ತಾರೆ. ಅಷ್ಟು ಅನುಕೂಲವಿಲ್ಲದವರು ಮಕ್ಕಳ ಕೈಗೆ ಮೊಬೈಲು ಕೊಟ್ಟು, ತಮ್ಮ ಕೈಲಾಗದುದಕ್ಕೆ ಒಳಗೊಳಗೇ ನೊಂದುಕೊಳ್ಳುತ್ತಾರೆ. ಈ ಎರಡನೆಯ ಬಗೆಯ ಮನೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಮೊದಲನೆಯ ಬಗೆಯವರೂ ಓದಿದರೆ ಸಂತೋಷವೇ.

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಅಳೆಯುತ್ತಿದ್ದರು. ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ. ನಿಮ್ಮ ಮನೆಯ ಹೊಸ್ತಿಲನ್ನು ನಡುವಿಟ್ಟುಕೊಂಡು ಸುತ್ತಲೂ ಐದು ಹರದಾರಿ, ಅಂದರೆ ಸುಮಾರು 25 ಕಿಲೋಮೀಟರಿನ ಒಂದು ಗೆರೆಯನ್ನು ಎಳೆಯಿರಿ. ಆ ಗೆರೆಯ ಒಳಗಿರುವುದನ್ನು ನೀವು ಎಷ್ಟು ನೋಡಿದ್ದೀರಿ? ನಿಮ್ಮ ಮಕ್ಕಳು ಎಷ್ಟು ನೋಡಿದ್ದಾರೆ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಹೊರಟಾಗ ನಾನೇ ತಲೆ ತಗ್ಗಿಸಬೇಕಾಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಲಕ್ಕುಂಡಿಯ ಒಂದು ಬೆಳಗು

ಕಳೆದ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನಿಂದ ಮಗಳ ಮಕ್ಕಳಿಬ್ಬರು ಗದಗಿಗೆ ನಮ್ಮ ಮನೆಗೆ ಬಂದಿದ್ದರು. ಹಿರಿಯಳಿಗೆ ಹನ್ನೊಂದು ವರ್ಷ, ಕಿರಿಯನಿಗೆ ಎಂಟು. ನಮ್ಮ ಮನೆಯವರು ರಾತ್ರಿಯೇ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟು, ಬೆಳಿಗ್ಗೆ ಮಜ್ಜಿಗೆಯ ಬಾಟಲಿ ತುಂಬಿಕೊಟ್ಟರು. ಆರು ಗಂಟೆಗೆ ಬಸ್ಸು ಹತ್ತಿದೆವು. ಗದಗಿನಿಂದ ಕೊಪ್ಪಳದ ದಾರಿಯಲ್ಲಿ ಲಕ್ಕುಂಡಿ ಹನ್ನೊಂದು-ಹನ್ನೆರಡು ಕಿಲೋಮೀಟರು ಮಾತ್ರ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಇಲ್ಲಿ ನಾಣ್ಯಗಳನ್ನು ಅಚ್ಚು ಹಾಕುವ ಟಂಕಸಾಲೆಯಿತ್ತು. ಹೊಯ್ಸಳರ ಇಮ್ಮಡಿ ಬಲ್ಲಾಳನು 1192ರ ಸುಮಾರಿಗೆ ಇಲ್ಲಿ ನೆಲೆವೀಡು ಮಾಡಿದ್ದನು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಈ ಊರನ್ನು ಈಗಲೂ ಹೊಗಳುತ್ತಾರೆ.

ಮೊದಲು ಕಾಶಿವಿಶ್ವೇಶ್ವರ ಗುಡಿಗೆ ಹೋದೆವು. ನಾನು ಏನನ್ನೂ ಹೇಳದೆ, 'ಇಲ್ಲಿ ಎಷ್ಟು ಗುಡಿಗಳಿವೆ? ಯಾವುದು ಯಾವ ಕಡೆ ಮುಖ ಮಾಡಿದೆ?' ಎಂದಷ್ಟೇ ಕೇಳಿದೆನು. ಮಕ್ಕಳು ಸುತ್ತು ಹಾಕಿ ಬಂದು, ದೊಡ್ಡದೊಂದು, ಚಿಕ್ಕದೊಂದು, ಎರಡೂ ಒಂದನ್ನೊಂದು ನೋಡುತ್ತ ನಿಂತಿವೆ ಎಂದರು. ಸರಿಯಾಗಿಯೇ ಕಂಡಿದ್ದರು. ದೊಡ್ಡದು ಪೂರ್ವಾಭಿಮುಖವಾದ ಶಿವಾಲಯ. ಅದರ ಎದುರಿಗೆ ಪಶ್ಚಿಮಕ್ಕೆ ಮುಖಮಾಡಿದ ಚಿಕ್ಕದು ಸೂರ್ಯನದು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಸಿದ ಈ ನುಣುಪಾದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿರುತ್ತದೆ, ಗಾಳಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ಇಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು ಎಂದು ಆಮೇಲೆ ವಿವರಿಸಿದೆನು.

ಅಲ್ಲಿಂದ ಬ್ರಹ್ಮ ಜಿನಾಲಯ. ಇದನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ತಾಯಿಯೂ ಇವಳೇ. ಪೊನ್ನನ ಶಾಂತಿಪುರಾಣವು ಕಾಲನ ಬಾಯಿಗೆ ಬೀಳಬಾರದೆಂದು ಅದರ ಒಂದು ಸಾವಿರ ಓಲೆಯ ಪ್ರತಿಗಳನ್ನು ಬರೆಯಿಸಿ ಹಂಚಿದವಳೆಂದು ಹೇಳಿದಾಗ ಕಿರಿಯವನು, 'ಆಗ ಜೆರಾಕ್ಸ್ ಅಂಗಡಿ ಇರ್ಲಿಲ್ವಾ ಅಜ್ಜಾ?' ಎಂದು ಕೇಳಿದನು. ಅಕ್ಕ ನಕ್ಕಳು. ನಾನು ನಗಲಿಲ್ಲ. ಒಂದು ಓಲೆಯನ್ನು ಕಂಠದಿಂದ ಕೊರೆಯಲು ಎಷ್ಟು ಹೊತ್ತು ಬೇಕು, ಸಾವಿರ ಗ್ರಂಥಗಳಿಗೆ ಎಷ್ಟು ಕೈಗಳು ಬೇಕು ಎಂದು ಮೂವರೂ ಕುಳಿತು ಲೆಕ್ಕ ಹಾಕತೊಡಗಿದೆವು. ಲೆಕ್ಕ ಮುಗಿಯಲಿಲ್ಲ, ಆದರೆ ಅತ್ತಿಮಬ್ಬೆ ಎಂಥವಳೆಂಬುದು ಆ ಹುಡುಗನಿಗೆ ಅಲ್ಲಿಯೇ ತಿಳಿಯಿತು.

ಕೊನೆಗೆ ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡಿರುವ ಮುಸುಕಿನ ಬಾವಿಗೆ ಬಂದೆವು. ಮೂರು ಕಡೆಗಳಿಂದ ಮೆಟ್ಟಿಲುಗಳು ಆಳಕ್ಕೆ ಇಳಿಯುತ್ತವೆ. ಗೋಡೆಗಳಲ್ಲಿ ಗುಡಿಯಾಕಾರದ ಚಿಕ್ಕ ಚಿಕ್ಕ ಗೂಡುಗಳಿವೆ. ಇಷ್ಟೊಂದು ಮೆಟ್ಟಿಲು ಯಾಕೆ ಎಂದು ಮೊಮ್ಮಗಳು ಕೇಳಿದಳು. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲಿಗೇ ಸಿಗುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ. ನೀರು ಎಲ್ಲಿಗೆ ಇಳಿದರೂ ಕೊಡ ಹಿಡಿದವಳು ಅಲ್ಲಿಗೆ ತಲುಪುವಂತೆ ಕಟ್ಟಿದವರು ಯೋಚಿಸಿದ್ದಾರೆ ಎಂದೆನು. ಈ ಪಾಠವನ್ನು ಶ್ರಾವಣದಲ್ಲಿ ಕಲಿಸಲಾಗದು. ಬಾಯಾರಿಕೆಯ ತಿಂಗಳಿನಲ್ಲಿಯೇ ಬಾವಿ ಅರ್ಥವಾಗುವುದು. ಎರೆಮಣ್ಣಿನ ಈ ಸೀಮೆಯಲ್ಲಿ ಎಷ್ಟೋ ಕಡೆ ಅಗೆದರೆ ಸವಳು ನೀರು ಬರುತ್ತದೆ. ಸಿಹಿನೀರಿನ ಸೆಲೆ ಸಿಕ್ಕ ಸ್ಥಳವನ್ನು ಹಿಂದಿನವರು ಗುಡಿಯಂತೆ ಕಟ್ಟಿದ್ದರಲ್ಲಿ ಆಶ್ಚರ್ಯವೇನು?

ಬೀದಿಯಲ್ಲಿ ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬಳು ನಮ್ಮನ್ನು ಕಂಡು, 'ನಾ ಸೊಸಿ ಆಗಿ ಬಂದಾಗ ಬಾವಿ ನೀರ ಹೊರತಿದ್ವಿ ಯಪ್ಪಾ. ಈಗ ನಳ ಬಂದಾವ. ನೋಡಾಕ ಮಂದಿ ಬರ್ತಾರ, ನೀರ ಕೇಳವರ ಇಲ್ಲ' ಎಂದಳು. ಮೊಮ್ಮಗಳು ಆ ಮಾತನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಬಳಿಕ ನನ್ನ ಕಡೆ ತಿರುಗಿ, 'ಅಜ್ಜಾ, ನಿಮ್ಮೂರಲ್ಲಿ ಇಂಥ ಬಾವಿ ಇಲ್ವಾ?' ಎಂದು ಕೇಳಿದಳು.

ಬಿಸಿಲೇರುತ್ತಿದೆ, ಬಸ್ಸು ತಪ್ಪೀತು ಎಂದು ಹೇಳಿ ಹೊರಡಿಸಿದೆನು.

ಒಂದು ಸಹಿಯ ಕಥೆ

ನಾನು ಹುಟ್ಟಿದ ಹಳ್ಳಿ ಗದಗಿನಿಂದ ಎರಡು ಹರದಾರಿ. ಅಲ್ಲಿಯೂ ಗುಡಿಯ ಹಿಂಬದಿಗೆ ಒಂದು ಮೆಟ್ಟಿಲು ಬಾವಿಯಿತ್ತು. ಲಕ್ಕುಂಡಿಯದರಷ್ಟು ದೊಡ್ಡದಲ್ಲ, ಕೆತ್ತನೆಯೂ ಇರಲಿಲ್ಲ. ನಳ ಬಂದ ಮೇಲೆ ಅದು ಕಸದ ಗುಂಡಿಯಾಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಅದನ್ನು ಮುಚ್ಚಿ ಮೇಲೊಂದು ಕಟ್ಟೆ ಕಟ್ಟಬೇಕೆಂದು ಊರವರು ಸಭೆ ಸೇರಿದರು. ಮಠದಲ್ಲಿ ಓದಿದವನು, ಶಾಸನ ಬಲ್ಲವನು ಎಂದು ನನ್ನನ್ನೂ ಕರೆಸಿದ್ದರು. ಒಪ್ಪಿಗೆಯ ಕಾಗದದ ಮೇಲೆ ನಾನೂ ಸಹಿ ಮಾಡಿದೆನು. ಒಂದು ಮಾತನ್ನೂ ಆಡಲಿಲ್ಲ.

ಯಾಕೆ ಆಡಲಿಲ್ಲ? ಆ ರಾತ್ರಿ ಮೊಮ್ಮಗಳಿಗೆ ಇದನ್ನು ಹೇಳಬೇಕಾಗಿ ಬಂದಾಗ ಉತ್ತರವನ್ನು ಹುಡುಕಿದೆನು. ಎಂಟನೆಯ ವಯಸ್ಸಿಗೇ ನನ್ನನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ಬಿಟ್ಟಿದ್ದರು. ಅಲ್ಲಿ ಸಂಸ್ಕೃತ ಕಲಿತೆ, ಹಳಗನ್ನಡ ಕಲಿತೆ, ದೂರದೂರದ ಶಾಸನಗಳ ಪಾಠಗಳನ್ನು ಬಾಯಿಪಾಠ ಮಾಡಿದೆ. ನಮ್ಮೂರಿನ ಬಾವಿಯ ಮೆಟ್ಟಿಲುಗಳನ್ನು ಮಾತ್ರ ಒಮ್ಮೆಯೂ ಇಳಿದಿರಲಿಲ್ಲ. ಯಾರೂ ನನ್ನ ಕೈ ಹಿಡಿದು ಇಳಿಸಿರಲಿಲ್ಲ. ನನಗೆ ಆ ಬಾವಿಯ ಮೇಲೆ ದ್ವೇಷವಿರಲಿಲ್ಲ, ಪರಿಚಯವಿರಲಿಲ್ಲ, ಅಷ್ಟೇ. ಮನುಷ್ಯನು ಕಂಡು ಬಳಸಿದ್ದನ್ನು ಕಾಯುತ್ತಾನೆ. ಕಾಣದ್ದನ್ನು ಮುಚ್ಚಲು ಸಹಿ ಹಾಕುತ್ತಾನೆ.

'ಯಾರೂ ಬೇಡ ಅನ್ನಲಿಲ್ವಾ?' ಎಂದು ಅವಳು ಕೇಳಿದಳು. ಒಬ್ಬ ಮುದುಕ ಅಂದಿದ್ದನು. ಬಾಲ್ಯದಲ್ಲಿ ಆ ಬಾವಿಯಲ್ಲಿ ಈಜು ಕಲಿತವನು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ಬೆಳಗುಗಳು

ಆ ರಜೆಯಲ್ಲಿ ಮಕ್ಕಳೊಡನೆ ಇನ್ನೂ ನಾಲ್ಕು ಬೆಳಗುಗಳನ್ನು ಕಳೆದೆನು.

ಒಂದು ಡಂಬಳದಲ್ಲಿ. ಅಲ್ಲಿಯ ದೊಡ್ಡಬಸಪ್ಪನ ಗುಡಿಯ ಹೊರಗೋಡೆಯು ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದಂತಿದೆ. ಒಬ್ಬನು ಗೋಡೆಗುಂಟ ನಡೆಯುತ್ತ ಎಣಿಸುವುದು, ಇನ್ನೊಬ್ಬಳು ಗೆರೆ ಎಳೆದು ಗುರುತು ಹಾಕುವುದು. ಲೆಕ್ಕ ಎರಡು ಸಲ ತಪ್ಪಿ ಮೂರನೆಯ ಸಲ ಸರಿಹೋಯಿತು. ಈ ಊರಿಗೆ ಧರ್ಮವೊಳಲು ಎಂಬ ಹೆಸರಿತ್ತು. 1095ರ ಶಾಸನವು ಹದಿನಾರು ಸೆಟ್ಟಿಗಳು ಇಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದನ್ನೂ ತಾರಾದೇವಿಯನ್ನೂ ಹೇಳುತ್ತದೆ. ಒಂದೇ ಸೀಮೆಯಲ್ಲಿ ಶಿವಾಲಯ, ಬಸದಿ, ಬೌದ್ಧ ವಿಹಾರಗಳು ನೆರೆಹೊರೆಯಾಗಿ ಬಾಳಿದ್ದನ್ನು ಮಕ್ಕಳು ಉಪನ್ಯಾಸದಿಂದಲ್ಲ, ಕಣ್ಣಿನಿಂದ ಕಲಿಯಬೇಕು. ಹತ್ತಿರದ ಕಪ್ಪತಗುಡ್ಡವನ್ನು ದೂರದಿಂದಲೇ ತೋರಿಸಿದೆನು. 2019ರಿಂದ ವನ್ಯಜೀವಿ ಧಾಮವಾಗಿರುವ ಆ ಬೆಟ್ಟವು ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಅಂಜುತ್ತಿರುತ್ತದೆ; ಅದನ್ನು ನೋಡಲು ಮಳೆಗಾಲವೇ ತಕ್ಕದ್ದು.

ಎರಡನೆಯದು ಗದಗಿನ ಒಳಗೇ. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಪರಂಪರೆ ಹೇಳುವ ವೀರನಾರಾಯಣ ಗುಡಿಯ ಕಂಬ, ಇವೆರಡನ್ನೂ ಒಂದೇ ಬೆಳಿಗ್ಗೆ ನೋಡಬಹುದು.

ಮೂರನೆಯದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892-1944) ಸ್ವತಃ ಅಂಧರಾಗಿದ್ದು ಅಂಧ ಮಕ್ಕಳಿಗೆ ಸಂಗೀತದ ಬಾಳನ್ನು ಕಟ್ಟಿಕೊಟ್ಟರು. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಸೇವೆಯನ್ನು ಮುಂದುವರಿಸಿದರು. ತನ್ನ ವಯಸ್ಸಿನ ಅಂಧ ಬಾಲಕನೊಬ್ಬನು ಹಾರ್ಮೋನಿಯಂ ನುಡಿಸುವುದನ್ನು ಕಂಡ ಕಿರಿಯವನು ದಾರಿಯುದ್ದಕ್ಕೂ ಮಾತನಾಡಲಿಲ್ಲ. ನಾನೂ ಮಾತನಾಡಿಸಲಿಲ್ಲ.

ನಾಲ್ಕನೆಯದು ಕಣಗಿನಹಾಳ. ಅಲ್ಲಿ ಗುಡಿಯ ಕೆತ್ತನೆಯನ್ನು ನೋಡಲು ಹೋಗಲಿಲ್ಲ. ಸಾಲದ ಶೂಲದಿಂದ ರೈತನನ್ನು ಬಿಡಿಸಲು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿದ್ದು ಈ ಹಳ್ಳಿಯಲ್ಲಿ. ದೊಡ್ಡ ಕೆಲಸಗಳು ದೊಡ್ಡ ಊರುಗಳಲ್ಲಿಯೇ ಆಗುತ್ತವೆಂಬ ಭ್ರಮೆ ಮಕ್ಕಳ ಮನಸ್ಸಿನಿಂದ ಹೋಗಲು ಇಂಥ ಒಂದು ಭೇಟಿ ಸಾಕು.

ತಂದೆತಾಯಿಗಳಿಗೆ ಕೆಲವು ಮಾತು

ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಮನೆ ಸೇರಬೇಕು. ಗುಡಿಯಲ್ಲಿ ಪಾದರಕ್ಷೆ ಬಿಟ್ಟು ನಡೆಯಬೇಕಾಗುವುದರಿಂದ, ಕಲ್ಲು ಕಾದ ಮೇಲೆ ಎಳೆಯ ಪಾದಗಳು ನಿಲ್ಲಲಾರವು. ಒಂದು ಬೆಳಿಗ್ಗೆಗೆ ಒಂದೇ ಊರು ಸಾಕು. ಐದನ್ನು ನೋಡಿದ ಮಗು ಯಾವುದನ್ನೂ ನೋಡಿರುವುದಿಲ್ಲ. ಕುಡಿಯುವ ನೀರು, ಮಜ್ಜಿಗೆ, ತಲೆಗೆ ಟೊಪ್ಪಿಗೆ ಅಥವಾ ವಸ್ತ್ರ ಮರೆಯಬೇಡಿರಿ. ಬಾವಿ, ಕೆರೆಗಳ ಬಳಿ ಮಗುವಿನ ಕೈ ದೊಡ್ಡವರ ಕೈಯಲ್ಲಿರಲಿ. ಪಾಚಿಗಟ್ಟಿದ ಮೆಟ್ಟಿಲಿಗೆ ಇಳಿಸಲೇಬೇಡಿರಿ. ಚಿತ್ರ ತೆಗೆಯುವ ಮೊದಲು ಕಾಲು ಗಂಟೆ ಬರಿಗಣ್ಣಿನಿಂದ ನೋಡುವ ನಿಯಮವಿರಲಿ. ನೀವು ಹೇಳುವುದಕ್ಕಿಂತ ಮೊದಲು ಮಗು ಕೇಳಲಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಊರಿನ ಹಿರಿಯರನ್ನು ಇಬ್ಬರೂ ಕೂಡಿ ಕೇಳಿರಿ. ತಿಂದ ಎಲೆ, ಕಾಗದ ನಿಮ್ಮ ಚೀಲದಲ್ಲಿಯೇ ಮರಳಿ ಬರಲಿ.

ನಾನು ಗದಗಿನವನಾದುದರಿಂದ ಗದಗಿನ ಮಾತನ್ನು ಹೇಳಿದೆನು. ವಿಜಯಪುರದವರಿಗೆ ತಾಜ್ ಬಾವಡಿಯಿದೆ, ಬೀದರಿನವರಿಗೆ ನೆಲದೊಳಗೆ ಹರಿಯುವ ಕರೇಜ್ ಇದೆ, ಶಿಕಾರಿಪುರದವರಿಗೆ ಬಳ್ಳಿಗಾವಿ, ಉಡುತಡಿಗಳಿವೆ. ಯಾವ ಹೆಸರೂ ಇಲ್ಲದ ಹಳ್ಳಿಯಲ್ಲಿಯೂ ಒಂದು ವೀರಗಲ್ಲು, ಒಂದು ಕೆರೆಯ ಏರಿ, ಒಂದು ಹಳೆಯ ಬಾವಿ ಸಿಕ್ಕೀತು. ಅದನ್ನು ತೋರಿಸಲು ಹಣ ಬೇಕಿಲ್ಲ. ಜೊತೆಗೆ ನಡೆಯುವ ಒಬ್ಬ ಹಿರಿಯರು ಬೇಕು.

ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗಳು ಹಟಮಾಡಿ ನನ್ನನ್ನು ಹುಟ್ಟೂರಿಗೆ ಕರೆದೊಯ್ದಳು. ಕಟ್ಟೆಯ ಮೇಲೆ ನಾಲ್ಕಾರು ಜನ ಕುಳಿತು ಹರಟುತ್ತಿದ್ದರು. ಅವಳು ಕಟ್ಟೆಯನ್ನು ಒಂದು ಸುತ್ತು ಹಾಕಿ, ಹೆಜ್ಜೆ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡಳು: 'ಇಲ್ಲಿ ಕೆಳಗೆ ಬಾವಿ ಇದೆ.' ಮೊನ್ನೆ ಫೋನಿನಲ್ಲಿ ಮಾತನಾಡುತ್ತ, ಈ ರಜೆಯಲ್ಲಿ ಮೊದಲು ನಿಮ್ಮೂರ ಕೆರೆಯನ್ನು ನೋಡೋಣ ಎಂದಿದ್ದಾಳೆ. ಆ ಕೆರೆಯ ಏರಿಯ ಮೇಲೂ ನಾನು ಪೂರ್ತಿಯಾಗಿ ನಡೆದವನಲ್ಲ. ಈ ಸಲ ಅವಳೊಡನೆ ನಡೆಯಬೇಕೆಂದಿದ್ದೇನೆ. ನಿಮ್ಮ ಮನೆಯ ಮಕ್ಕಳನ್ನೂ ನಾಳೆ ಬೆಳಿಗ್ಗೆ ಸ್ವಲ್ಪ ಬೇಗ ಎಬ್ಬಿಸಿರಿ.