ಮಕ್ಕಳ ಕಣ್ಣಿಗೆ ಬಯಲಿನ ಬೆಳಕೇ ರಕ್ಷೆ

ತರಗತಿಯ ಹಲಗೆಯ ಮೇಲಿನ ಅಕ್ಷರಗಳು ಮಸುಕಾಗಿ ಕಾಣುತ್ತಿವೆ ಎಂದು ಮಗು ಹೇಳಿದೊಡನೆ ಪಾಲಕರು ಟಿ.ವಿ., ಮೊಬೈಲುಗಳನ್ನು ದೂಷಿಸುವುದು ಸಹಜ. ಹತ್ತಿರದ ವಸ್ತುಗಳನ್ನೇ ದೀರ್ಘಕಾಲ ದಿಟ್ಟಿಸುವುದಕ್ಕೂ ಸಮೀಪದೃಷ್ಟಿ ದೋಷಕ್ಕೂ ನಂಟಿರುವುದು ನಿಜ. ಆದರೆ ಮಗು ಹಗಲಿನಲ್ಲಿ ಎಷ್ಟು ಹೊತ್ತು ಹೊರಗಿರುತ್ತದೆ ಎಂಬುದೂ ಅಷ್ಟೇ ಮುಖ್ಯವೆಂದು ಸಂಶೋಧನೆಗಳು ತೋರಿಸಿಕೊಟ್ಟಿವೆ.

ಈ ದೋಷವಿರುವವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯು ಅಗತ್ಯಕ್ಕಿಂತ ಉದ್ದವಾಗಿ ಬೆಳೆದಿರುತ್ತದೆ. ಆದ್ದರಿಂದ ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ, ಅದಕ್ಕೂ ಮುಂಚೆಯೇ ಮೂಡುತ್ತದೆ. ಕನ್ನಡಕವು ಬಿಂಬವನ್ನು ಸರಿಪಡಿಸುತ್ತದೆಯೇ ಹೊರತು ಗುಡ್ಡೆಯ ಉದ್ದವನ್ನಲ್ಲ. ದೋಷ ತೀವ್ರವಾದಲ್ಲಿ ಮುಂದೆ ಅಕ್ಷಿಪಟಲ ಕಳಚುವ ಅಪಾಯವೂ ಹೆಚ್ಚುತ್ತದೆ.

2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಂಗಪುರ ಹಾಗೂ ಸಿಡ್ನಿಗಳಲ್ಲಿನ ಚೀನೀ ಮೂಲದ 6-7 ವರ್ಷದ ಮಕ್ಕಳನ್ನು ಹೋಲಿಸಿತು. ಸಿಂಗಪುರದಲ್ಲಿ ಶೇ. 29.1ರಷ್ಟು ಮಕ್ಕಳಿಗೆ ದೋಷವಿದ್ದರೆ ಸಿಡ್ನಿಯಲ್ಲಿ ಕೇವಲ ಶೇ. 3.3ರಷ್ಟು ಮಕ್ಕಳಿಗಿತ್ತು. ವಿಶೇಷವೆಂದರೆ, ಸಿಡ್ನಿಯ ಮಕ್ಕಳು ಪುಸ್ತಕಗಳನ್ನು ಹೆಚ್ಚಾಗಿಯೇ ಓದುತ್ತಿದ್ದರು. ಆದರೆ ಅವರು ವಾರಕ್ಕೆ ಸುಮಾರು 14 ಗಂಟೆ ಹೊರಾಂಗಣದಲ್ಲಿದ್ದರೆ, ಸಿಂಗಪುರದ ಮಕ್ಕಳು ಇದ್ದದ್ದು 3 ಗಂಟೆ ಮಾತ್ರ.

ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಲಾಯಿತು. ಆರು ಶಾಲೆಗಳಲ್ಲಿ ದಿನವೂ 40 ನಿಮಿಷಗಳ ಹೊರಾಂಗಣ ತರಗತಿಯನ್ನು ಸೇರಿಸಲಾಯಿತು. ಮೂರು ವರ್ಷಗಳ ಬಳಿಕ ಆ ಶಾಲೆಗಳಲ್ಲಿ ಶೇ. 30.4ರಷ್ಟು, ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಲ್ಲಿ ದೋಷ ಹೊಸದಾಗಿ ಕಾಣಿಸಿಕೊಂಡಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಇದರ ಹಿಂದಿರುವುದು ಆಟದ ವ್ಯಾಯಾಮಕ್ಕಿಂತ ಮಿಗಿಲಾಗಿ ಬೆಳಕು. ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್ ದಾಟುವುದಿಲ್ಲ. ಹಗಲಿನ ಬಯಲಿನಲ್ಲಿ ಅದು 10,000 ಲಕ್ಸ್ ಮೀರುತ್ತದೆ. ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮಿನ್ ಸ್ರವಿಸುವಂತೆ ಮಾಡಿ, ಗುಡ್ಡೆಯ ಅತಿಯಾದ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ತಜ್ಞರ ಅಭಿಪ್ರಾಯ.

ಈಗಾಗಲೇ ದೋಷ ತಗುಲಿದ ಮಕ್ಕಳಿಗೆ ಬಯಲಿನಿಂದ ದೊರೆಯುವ ಲಾಭ ಕಡಿಮೆ. ಅವರಿಗೆ ವೈದ್ಯರು ಸೂಚಿಸಿದ ಕನ್ನಡಕ ಬೇಕೇ ಬೇಕು. ಆದ್ದರಿಂದ ಎಚ್ಚರಿಕೆ ಮೊದಲೇ ಅಗತ್ಯ. ತೈವಾನ್ 2010ರಿಂದ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷಗಳ ಹೊರಾಂಗಣ ಸಮಯವನ್ನು ಗುರಿಯಾಗಿಸಿಕೊಂಡಿದೆ. ಸುಡುಬಿಸಿಲು ಬೇಕಿಲ್ಲ, ಮರದ ನೆರಳಾದರೂ ಸಾಕು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು.

ಪರೀಕ್ಷೆ ಸಮೀಪಿಸಿತೆಂದು ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳೂ, ಸಂಜೆಯನ್ನೆಲ್ಲ ಟ್ಯೂಷನ್‌ಗೆ ಮೀಸಲಿಡುವ ಪಾಲಕರೂ ಇದನ್ನು ಗಮನಿಸುವುದು ಒಳಿತು.